ಹಡಗಿನ ಮಾದರಿ ಕಟ್ಟಲು ಮೊದಲಿಗೆ ಯಾವ ಉಪಕರಣ ಕೊಳ್ಳಬೇಕು?

ಬಳ್ಳಾರಿಯಲ್ಲಿದ್ದು ಮರದ ಹಡಗಿನ ಮಾದರಿ ಕಟ್ಟಲು ಹೊರಟಿರುವ ತಾವು, ಆರಂಭದಲ್ಲೇ ಮರವನ್ನು ತಿರುಗಿಸಿ ದುಂಡಗೆ ಕಡೆಯುವ ಸಣ್ಣ ಲೇತ್ ಯಂತ್ರ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ ಎಂಬುದು ನನ್ನ ಅಭಿಪ್ರಾಯ. ಕೂವೆಮರಕ್ಕೆ, ಅಂದರೆ ಹಾಯಿ ಕಟ್ಟುವ ಕಂಬಕ್ಕೆ, ಬೇಕಾದ ದುಂಡು ಕಡ್ಡಿಯನ್ನು ಸಾಮಾನ್ಯ ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ, ನಿಧಾನವಾಗಿ ತಿರುಗಿಸುತ್ತ ಮರಳು ಕಾಗದದಿಂದ ತುದಿಯ ಕಡೆ ಹೆಚ್ಚು ಉಜ್ಜಿದರೆ ತುದಿಯತ್ತ ಸಣ್ಣದಾಗುವ ಆಕಾರ ಬರುತ್ತದೆ.

ಹರಿತವಾದ ಚಾಕು, ಸಣ್ಣ ಹಲ್ಲಿನ ಗರಗಸ, ಉಕ್ಕಿನ ಅಳತೆಪಟ್ಟಿ, ಚಿಮಟ, ಸಣ್ಣ ಅರಗಳು ಹಾಗೂ 1 ಮಿ.ಮೀ.ಗಿಂತ ಸಣ್ಣ ರಂಧ್ರ ಕೊರೆಯುವ ಕೈ ಡ್ರಿಲ್ ಸಾಕು. ಉಳಿಯ ಹಿಡಿತ ಕಲಿಯಬೇಕಾದರೆ ಕೊಪ್ಪಳದ ಬಳಿಯ ಕಿನ್ನಾಳಕ್ಕೆ ಹೋಗಿ, ಅಲ್ಲಿಯ ಕುಶಲಕರ್ಮಿಗಳು ಹಗುರ ಮರವನ್ನು ಕೆತ್ತುವುದನ್ನು ನೋಡಬಹುದು.

ನಿಜವಾದ ಕಷ್ಟವಿರುವುದು ಹೊರಮೈಗೆ ಪಟ್ಟಿ ಹೊದಿಸುವಲ್ಲಿ. ತೆಳು ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ಹಡಗಿನ ಒಳಚೌಕಟ್ಟಿನ ಪಕ್ಕೆಗಳ ಮೇಲೆ ಬಾಗಿಸಿ, ಬಟ್ಟೆ ಕ್ಲಿಪ್ಪಿನಿಂದ ಬಿಗಿದು, ಪೂರ್ತಿ ಒಣಗಿದ ಮೇಲಷ್ಟೇ ಅಂಟಿಸಬೇಕು. ಹಸಿಯಾಗಿ ಅಂಟಿಸಿದರೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಮರ ಕುಗ್ಗಿ ಸಂದುಗಳು ಬಾಯಿಬಿಡುತ್ತವೆ. ಬಿಳಿ ಮರದಂಟು ಸರಿಪಡಿಸಲು ಸಮಯ ಕೊಡುತ್ತದೆ, ದಿಢೀರ್ ಅಂಟು ಕೊಡುವುದಿಲ್ಲ.

ಪ್ರಮಾಣವನ್ನು, ಅಂದರೆ ಮಾದರಿ ನಿಜವಾದ ಹಡಗಿಗಿಂತ ಎಷ್ಟು ಪಟ್ಟು ಚಿಕ್ಕದಿರಬೇಕು ಎಂಬುದನ್ನು, ಮನೆಯ ಜಾಗ ನೋಡಿ ಆರಿಸಿ: ಸುಮಾರು 262 ಮೀಟರ್ ಉದ್ದದ ಈಗಿನ ಐಎನ್‌ಎಸ್ ವಿಕ್ರಾಂತ್ 1:350ರಲ್ಲಿ 75 ಸೆಂ.ಮೀ. ಆಗುತ್ತದೆ, 1:700ರಲ್ಲಿ ಅದರ ಅರ್ಧ. ಮರದ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಮಾಸ್ಕನ್ನೂ ಉಪಕರಣಗಳ ಜೊತೆಗೇ ಕೊಳ್ಳಿ.