ಮಲಿನ ಕುಂಟೆ ಬಗೆಯೋ ಮುಂಚೆ ನೀರನ್ನ ಹಿಡಿತಕ್ಕೆ ತಗೊಳ್ಳಿ

ಅಣ್ಣಾ, ನೀವು ಹಾಕಿರೋ ವಿಡಿಯೋ ನೋಡಿದೆ. 10 ಗುಂಟೆಯ ನೀರಿನ ಕುಂಟೆ, ಮೇಲ್ಗಡೆಯ ಲೋಹ ಲೇಪನ ಘಟಕದ ಮೋರಿ ನೀರು ಇಳಿದೂ ಇಳಿದೂ ಅಡಿ ಕಪ್ಪಾಗಿದೆ. ಹಿಟಾಚಿ ನೀರಲ್ಲೇ ನಿಂತು ಬಗೀತಿದೆ, ಕಲಕಿದ ನೀರೆಲ್ಲ 5 ಎಚ್‌ಪಿ ಮೋಟರಿಂದ ರಾಜಕಾಲುವೆಗೆ ಹೋಗ್ತಿದೆ. ದಯವಿಟ್ಟು ಎರಡನ್ನೂ ಇವತ್ತೇ ನಿಲ್ಲಿಸಿ. ಕೋಲಾರದ ಮಾಲೂರು, ನರಸಾಪುರ ಕಡೆ ಈ ತಪ್ಪು ಮತ್ತೆ ಮತ್ತೆ ಕಾಣ್ತಿದೆ. ಲೋಹದ ವಿಷದ ಬಹುಪಾಲು ಹೂಳಿನ ನುಣ್ಣನೆ ಕಣಕ್ಕೆ ಅಂಟಿರುತ್ತೆ. ನೀರು ಅಲುಗದೆ ಇದ್ದರೆ ಅಡಿಯಲ್ಲೇ ಕೂತಿರುತ್ತೆ, ಬಕೆಟ್ ಕಲಕಿದ ತಕ್ಷಣ ಪಂಪು ಹತ್ತಿ ಕೆಳಗಿನ ಕೆರೆ ಸೇರುತ್ತೆ.

ಮೊದಲು ಒಳಹರಿವು ಕಟ್ಟಬೇಕು. ಮೋರಿ ಬಾಯಿಗೆ ಮಣ್ಣಿನ ಚೀಲ ಜೋಡಿಸಿ, ಕುಂಟೆಯ ಮೇಲ್ಬದಿಗೆ 2 ಅಡಿ ಅಗಲ, ಒಂದೂವರೆ ಅಡಿ ಆಳದ ಬಳಸುಗಾಲುವೆ ತೆಗೀರಿ. ಮಳೆ ನೀರು ಅದರಲ್ಲಿ ಸುತ್ತಿ ಹೋಗಲಿ. ಇದು ಬೇಡದ ಖರ್ಚು ಅನ್ಕೋಬೇಡಿ. 5 ಎಕರೆ ಇಳಿಜಾರಿಂದ 25 ಮಿಲಿಮೀಟರ್ ಮಳೆಗೆ ಮೂರರಲ್ಲೊಂದು ಭಾಗ ಹರಿದು ಬಂದರೂ ಒಂದೂವರೆ ಲಕ್ಷ ಲೀಟರ್ ಮೀರುತ್ತೆ. ಅಷ್ಟೂ ನೀರು ಹೂಳು ಮುಟ್ಟಿದ ಮೇಲೆ ಮಲಿನ ನೀರೇ. ಕೆಲಸಕ್ಕೆ ಫೆಬ್ರವರಿಯಿಂದ ಏಪ್ರಿಲ್ ಅರ್ಧದವರೆಗೆ ಸರಿ. ಮೇ ಬಂದರೆ ಗುಡುಗು ಮಳೆ ನಂಬೋಕಾಗಲ್ಲ.

ನಿಂತಿರೋ ನೀರಿನ ಲೆಕ್ಕ: 10 ಗುಂಟೆಗೆ 4 ಅಡಿ ಅಂದರೆ ಸುಮಾರು 12 ಲಕ್ಷ ಲೀಟರ್. ಗಂಟೆಗೆ 30,000 ಎತ್ತೋ ಪಂಪಿಗೆ 40 ಗಂಟೆ ಕೆಲಸ. ಹಾಗಂತ ಒಂದೇ ಸಮ ಓಡಿಸಬೇಡಿ. ದಿನಕ್ಕೆ ಒಂದಡಿಗಿಂತ ಹೆಚ್ಚು ಇಳಿಸಿದರೆ ಏರಿಯೊಳಗಿನ ನೀರು ಹೊರಬರೋಕೆ ಹೊತ್ತು ಸಿಗದೆ ಒಳಮೈ ಜಾರುತ್ತೆ. ಸಕ್ಷನ್ ಪೈಪನ್ನ ಖಾಲಿ 20 ಲೀಟರ್ ಕ್ಯಾನಿಗೆ ಕಟ್ಟಿ ತೇಲಿಬಿಡಿ, ಫುಟ್‌ವಾಲ್ ಮೇಲ್ಮೈಯಿಂದ ಒಂದಡಿ ಕೆಳಗಿರಲಿ. ಹೂಳಿನ ಮೇಲೆ ಎರಡು ಅಡಿ ಉಳಿದಾಗ ಅಲ್ಲಿಗೆ ಸಾಕು. ಈ ಮೇಲಿನ ನೀರನ್ನೂ ಪರೀಕ್ಷೆ ಇಲ್ಲದೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇಲ್ಲದೆ ಬಿಡಬೇಡಿ. ಹಳ್ಳಕೊಳ್ಳಕ್ಕೆ ಬಿಡೋ ನೀರಿಗೆ ಸಾಮಾನ್ಯ ಮಿತಿ: ಪಿಎಚ್ (ಹುಳಿ-ಕ್ಷಾರದ ಅಳತೆ) 5.5ರಿಂದ 9, ತೇಲುಕಣ ಲೀಟರಿಗೆ 100 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 2, ಅದರಲ್ಲೇ ಹೆಚ್ಚು ವಿಷದ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ 0.1, ನಿಕ್ಕಲ್ 3. ಇದು ಹೊರಬಿಡೋ ಮಿತಿ, ದನ ಕುಡಿಯೋ ಮಿತಿ ಅಲ್ಲ.

ಉಳಿದ ನೀರೇ ನಿಜವಾದ ತಲೆನೋವು. ಕುಂಟೆಯನ್ನ ಮಣ್ಣಿನ ಚೀಲದ ಅಡ್ಡಗಟ್ಟೆಯಿಂದ ಎರಡು ಪಾಲು ಮಾಡಿ, ನಡುವೆ ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್ ಹಾಳೆ) ಹಾಸಿ. ತಗ್ಗಿನ ಮೂಲೆಯಲ್ಲಿ 3 ಅಡಿ ಗುಂಡಿ, ಅದರೊಳಗೆ ಸುತ್ತ ತೂತು ಹೊಡೆದ 200 ಲೀಟರ್ ಡ್ರಮ್ಮು, ಡ್ರಮ್ಮಿನ ಸುತ್ತ ಒಂದಡಿ 20 ಎಂಎಂ ಜಲ್ಲಿ. ಪಂಪು ಡ್ರಮ್ಮಿನಿಂದ ಮಾತ್ರ ಎಳೀಬೇಕು. ಸಂಜೆ ಖಾಲಿ ಮಾಡಿ, ಕೋಲು ನೆಟ್ಟು ಗುರುತು ಹಾಕಿ. ಬೆಳಿಗ್ಗೆ 5 ಸೆಂಟಿಮೀಟರ್ ಏರಿದ್ದರೆ ಅರ್ಧ ಕುಂಟೆಯ ಪಾಲಿಗೆ ರಾತ್ರಿಗೆ ಸುಮಾರು 25,000 ಲೀಟರ್ ಒಸರಿದೆ ಅಂತ. ಪಂಪಿನ ಗಾತ್ರ ಈ ಅಳತೆ ಮೇಲೆ ನಿರ್ಧರಿಸಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬ್ತಿರೋ ಕೆರೆಗಳ ಕೆಳಗೆ ಒಸರು ಜಾಸ್ತಿ ಇರಬಹುದು, ಹಳೇ ಅಂದಾಜು ನಂಬಬೇಡಿ.

ಪಂಪಿನ ಬಗ್ಗೆ: ಟೆಕ್ಸ್‌ಮೋ, ಸಿಆರ್‌ಐ ಓಪನ್‌ವೆಲ್ ಸಬ್‌ಮರ್ಸಿಬಲ್ ತಿಳಿನೀರಿಗೆ ಗಟ್ಟಿ, ಕೆಸರಿಗೆ ಇಳಿಸಿದರೆ ಇಂಪೆಲ್ಲರ್, ಸೀಲು ಎರಡೂ ಸವೀತವೆ. ಕೆಸರಿಗೇ ಅಂತ ಬರೋ ಪಂಪು ಬಾಡಿಗೆಗೆ ತನ್ನಿ. ಹೋಂಡಾ ಪೆಟ್ರೋಲ್ ಪಂಪು ಒಳ್ಳೇದೇ, ಆದರೆ ಗುಂಡಿಯೊಳಗೆ ಇಳಿಸಬಾರದು. ಹೊಗೆ ತಗ್ಗಲ್ಲಿ ನಿಂತರೆ ಆಳು ಬೀಳ್ತಾರೆ. ಕಪ್ಪು ಹೂಳಿಂದ ಕೊಳೆತ ಮೊಟ್ಟೆ ವಾಸನೆ ಬಂದರೆ ಅದೂ ವಿಷಗಾಳಿಯೇ. ಆ ವಿಷಗಾಳಿ ಹೆಚ್ಚಾದ ಮೇಲೆ ವಾಸನೆಯೂ ಮೂಗಿಗೆ ತಿಳಿಯಲ್ಲ. ಒಬ್ಬನೇ ಇಳಿಯೋದು ಬೇಡ.

ಡ್ರಮ್ಮಿನ ನೀರು ಹೋಗಬೇಕಾದ್ದು ತೊಟ್ಟಿಗೆ. 5 ಮೀಟರ್ ಉದ್ದ, 4 ಅಗಲ, 1 ಆಳದ ಗುಂಡಿ ಎರಡು, 500 ಮೈಕ್ರಾನ್ ಹಾಳೆ ಹೊದಿಸಿ. ಒಂದೊಂದಕ್ಕೆ 20,000 ಲೀಟರ್. ಒಂದು ತುಂಬೋವಾಗ ಇನ್ನೊಂದು ತಿಳಿಯಾಗ್ಲಿ. ಕೆಸರು ತಳಕ್ಕಿಳಿಸೋ ಆಲಮ್ಮನ್ನ (ಪಟಿಕ) ಕಣ್ಣಂದಾಜಲ್ಲಿ ಸುರೀಬೇಡಿ. 100 ಗ್ರಾಂ ಆಲಮ್ ಕರಗಿಸಿ 1 ಲೀಟರ್ ದ್ರಾವಣ ಮಾಡಿ. ಅದರ 1 ಎಂಎಲ್ ಒಂದು ಲೀಟರ್ ನೀರಿಗೆ ಬಿದ್ದರೆ 100 ಮಿಲಿಗ್ರಾಂ ಆಗುತ್ತೆ. ತೊಟ್ಟಿಯ ನೀರು ಒಂದೊಂದು ಲೀಟರ್ ತುಂಬಿದ ಐದು ಬಾಟಲಿಗೆ ಅರ್ಧ, 1, ಒಂದೂವರೆ, 2, 3 ಎಂಎಲ್ ಹಾಕಿ, ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ನಿಧಾನಕ್ಕೆ ಕಲಕಿ, ಅರ್ಧ ಗಂಟೆ ಬಿಡಿ. ಕಡಿಮೆ ಪ್ರಮಾಣದಲ್ಲಿ ತಿಳಿಯಾದದ್ದೇ ನಿಮ್ಮ ಅಳತೆ. ಒಂದೂವರೆಗೆ ತಿಳಿಯಾದರೆ ತೊಟ್ಟಿಗೆ 3 ಕೆಜಿ. ಪಿಎಚ್ 6ರಿಂದ ಏಳೂವರೆಯೊಳಗೆ ಇರಬೇಕು. ಹುಳಿ ಇದ್ದರೆ ಮೊದಲು ಅರಳಿಸಿದ ಸುಣ್ಣ. ಅತಿಯಾದರೂ ಕಷ್ಟ, ಪಿಎಚ್ 11 ದಾಟಿದರೆ ಸತು, ಕ್ರೋಮಿಯಂ ಮತ್ತೆ ಕರಗ್ತವೆ.

ತಿಳಿನೀರು ಅಂದರೆ ಶುದ್ಧ ನೀರು ಅಂತಲ್ಲ. ಹೆಕ್ಸಾವೇಲೆಂಟ್ ಕ್ರೋಮಿಯಂ ಕರಗಿಯೇ ಇರುತ್ತೆ, ಆಲಮ್‌ಗೆ ಸಿಗಲ್ಲ. ಹಳದಿ ಛಾಯೆ ಕಂಡರೆ ಅನುಮಾನ ಪಡಿ, ಕಾಣದಿದ್ದರೂ ಪರೀಕ್ಷೆ ಮಾಡಿಸಿ. ಅದನ್ನ ಫೆರಸ್ ಸಲ್ಫೇಟ್ ಹಾಕಿ ಕಡಿಮೆ ವಿಷದ ರೂಪಕ್ಕೆ ಇಳಿಸೋ ಕೆಲಸ ಅರಿತವರ ಕೈಯಲ್ಲೇ ಆಗಲಿ, ಇಲ್ಲಾ ನೀರು ಟ್ಯಾಂಕರಲ್ಲಿ ಸಂಸ್ಕರಣಾ ಘಟಕಕ್ಕೆ ಹೋಗಲಿ.

ಹೂಳು ಒಣಗಿಸೋಕೆ ಸ್ವಲ್ಪ ಇಳಿಜಾರಿನ ಹಾಸು ಮಾಡಿ: ಹಾಳೆ, ಅದರ ಮೇಲೆ ಅರ್ಧ ಅಡಿ ಮರಳು, ಸುತ್ತ ಒಂದೂವರೆ ಅಡಿ ಬದು. ಒಂದಡಿಗಿಂತ ದಪ್ಪ ಹರಡಬೇಡಿ, ಸೋರಿದ ನೀರು ಮತ್ತೆ ತೊಟ್ಟಿಗೇ ಬರಬೇಕು. ಜಾಳಿಗೆಯಲ್ಲಿ ಹಿಡಿದರೆ 5 ನಿಮಿಷದಲ್ಲಿ ಒಂದು ಹನಿಯೂ ಬೀಳದ ಹದಕ್ಕೆ ಬಂದಾಗ ಟಿಪ್ಪರಿಗೆ ತುಂಬಿ. ಪೂರ್ತಿ ಪುಡಿಯಾಗೋವರೆಗೂ ಬಿಟ್ಟರೆ ಅದೇ ಧೂಳು ಉಸಿರಿಗೆ ಹೋಗುತ್ತೆ.

ನಿಮ್ಮ ವಿಡಿಯೋ ಕೆಳಗೆ ಒಬ್ಬರು "ಗೋಡು ನಮ್ಮ ಹೊಲಕ್ಕೆ ಹಾಕಿ" ಅಂತ ಬರೆದಿದ್ದಾರೆ. ಬೇಡ ಸ್ವಾಮಿ, ಇದು ಕೆರೆಗೋಡು ಅಲ್ಲ. ಇಟ್ಟಿಗೆ ಗೂಡಿಗೂ ಕೊಡಬೇಡಿ. ಪರೀಕ್ಷೆಯಲ್ಲಿ ಅಪಾಯಕಾರಿ ಅಂತ ಬಂದರೆ ಅದಕ್ಕೆ ದಾಬಸ್‌ಪೇಟೆಯಲ್ಲಿರೋ ಥರದ ಅಪಾಯಕಾರಿ ತ್ಯಾಜ್ಯದ ಭರ್ತಿ ಕೇಂದ್ರವೇ ದಾರಿ, 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಸಾಗಣೆ ಚೀಟಿ ಸಮೇತ.

ಅಗೆಯೋವಾಗ ಕಪ್ಪು ಮುಗಿದು ಜೇಡಿ ಕಂಡ ಕೂಡಲೇ ಬಕೆಟ್ ನಿಲ್ಲಿಸಿ, ಐದು ಕಡೆ ಮಣ್ಣು ತೆಗೆದು ಲ್ಯಾಬಿಗೆ ಕಳಿಸಿ. ಜೇಡಿ ಒಡೆದು ಮೊರಂ ಮುಟ್ಟಿದರೆ ಮಲಿನ ನೀರು ನೇರ ಬೋರ್‌ವೆಲ್ ದಾರಿ ಹಿಡಿಯುತ್ತೆ. ಸುತ್ತಲ ಬೋರ್‌ವೆಲ್‌ಗಳ ನೀರನ್ನ ಹಿಟಾಚಿ ಮತ್ತೆ ಇಳಿಸೋ ಮುಂಚೆಯೇ ಒಮ್ಮೆ ಪರೀಕ್ಷೆ ಮಾಡಿಸಿ ವರದಿ ಇಟ್ಕೊಳ್ಳಿ. ಮೀನು ಬಿಟ್ಟಿದ್ದರೆ ಹಿಡಿದು ಮಾರಬೇಡಿ, ಮನೆಗೂ ಒಯ್ಯಬೇಡಿ.