ನಾಯಕನಿಲ್ಲದ ಚಿತ್ರ, ನೂರು ಕಿಲೋಮೀಟರ್ ಪೈಪು

ಓದುಗರ ಪತ್ರ: ಬೆಂಗಳೂರಿನ ನೀರಿನ ಬಗ್ಗೆ 50 ನಿಮಿಷದ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. 30 ಗಂಟೆ ಫುಟೇಜ್, 14 ಸಂದರ್ಶನ ಕೈಯಲ್ಲಿವೆ. ಯಾರೋ ಒಬ್ಬರ ಬದುಕನ್ನು ಹಿಡಿದು ಕಥೆ ಹೇಳುವುದು ಬೇಡ ಅಂದುಕೊಂಡೆವು. ಆದರೆ ಜೋಡಿಸಿದ್ದನ್ನು ನೋಡಿದವರೆಲ್ಲ ‘ಪಾಠ ಕೇಳಿದ ಹಾಗಾಯಿತು’ ಅನ್ನುತ್ತಾರೆ. ದೃಶ್ಯಪಟ್ಟಿ ಲಗತ್ತಿಸಿದ್ದೇವೆ.

ಸಂಪಾದಕರ ಉತ್ತರ: ಕೆರೆ, ಕೊಳವೆಬಾವಿ, ಟ್ಯಾಂಕರ್, ಕಾವೇರಿ, ಮಳೆನೀರು ಕೊಯ್ಲು. ನಿಮ್ಮ ಪಟ್ಟಿಯ ಈ ಭಾಗಗಳನ್ನು ಹಿಂದುಮುಂದು ಮಾಡಿದರೂ ಚಿತ್ರಕ್ಕೆ ಏನೂ ಆಗುವುದಿಲ್ಲ. ತೊಂದರೆ ಅಲ್ಲೇ ಇದೆ. ‘ಬೆಂಗಳೂರಿನ ನೀರು’ ಬರೀ ವಿಷಯ. ‘ಕಾಲಬುಡದ ನೀರನ್ನು ಕಳೆದುಕೊಂಡಷ್ಟೂ ಊರು ದೂರಕ್ಕೆ ಕೈಚಾಚಿತು’ ಅಂದರೆ ಅದು ವಾದ. ಅದರ ಜೊತೆ ಜಗಳವಾಡಬಹುದು, ಹಾಗಾಗಿ ನೋಡುವವರು ಎದ್ದು ಹೋಗುವುದಿಲ್ಲ.

ಪಾತ್ರವಿರುವ ಚಿತ್ರದಲ್ಲಿ ಮನುಷ್ಯ ಬದಲಾಗುತ್ತಾ ಹೋಗುತ್ತಾನೆ. ನಿಮ್ಮಲ್ಲಿ ಬದಲಾಗುವುದು ದೂರ. ಪೇಟೆಯ ಮಗ್ಗುಲಲ್ಲೇ ಇದ್ದ ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. 19ನೇ ಶತಮಾನದ ಕೊನೆಗೆ ಹೆಸರಘಟ್ಟ ಜಲಾಶಯ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ ನೀರು ಯೋಜನೆಯ ಮೊದಲ ಹಂತ. ಈಗ ಆ ಕಾವೇರಿ ನೀರು ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರದಿಂದ ಸುಮಾರು 100 ಕಿ.ಮೀ. ಬರಬೇಕು, ಅದೂ ಹೆಚ್ಚುಕಡಿಮೆ ಅರ್ಧ ಕಿ.ಮೀ. ಎತ್ತರಕ್ಕೆ ಎತ್ತಿಸಿಕೊಂಡು. ಧರ್ಮಾಂಬುಧಿ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಕಾವೇರಿ: ಈ ನಾಲ್ಕು ಮಜಲುಗಳೇ ಬೆನ್ನೆಲುಬು. ಕೊಳವೆಬಾವಿ ಕೊನೆಯ ಕಾಲುಭಾಗಕ್ಕೆ ಬರಲಿ, ಏಕೆಂದರೆ ಅದು ವಾದಕ್ಕೇ ಅಡ್ಡಗಾಲು ಹಾಕುತ್ತದೆ: ಆ ನೀರು ಕಾಲಬುಡದ್ದೇ ಅಲ್ಲವೇ? ಹೌದು, ಅಲ್ಲಿ ದೂರ ಕೆಳಮುಖವಾಗಿ ಬೆಳೆಯಿತು. ಮಳೆನೀರು ಕೊಯ್ಲನ್ನು ಬಿಟ್ಟರೂ ನಷ್ಟವಿಲ್ಲ. ಸಲಹೆಯೊಂದಿಗೆ ಮುಗಿಯುವ ಚಿತ್ರಗಳು ಬೇಕಾದಷ್ಟಿವೆ.

ಕಂಪ್ಯೂಟರಿನಲ್ಲಿ ದೃಶ್ಯ ಜೋಡಿಸುವ ಟೈಮ್‌ಲೈನ್ ಮುಚ್ಚಿಟ್ಟು ಕಾರ್ಡು ಹಿಡಿಯಿರಿ. ಸಂದರ್ಶನಗಳನ್ನು ಟೈಮ್‌ಕೋಡ್ (ಫುಟೇಜಿನಲ್ಲಿ ಆ ಮಾತು ಬರುವ ಹೊತ್ತು) ಸಮೇತ ಬರೆದುಕೊಂಡು, ಪ್ರತಿ ಕಾರ್ಡಿನ ಮೇಲರ್ಧದಲ್ಲಿ ಹೇಳುವ ಒಂದೇ ಮಾತು, ಕೆಳಗರ್ಧದಲ್ಲಿ ಕಾಣುವ ದೃಶ್ಯ ಬರೆಯಿರಿ. ಕೆಳಗರ್ಧ ಖಾಲಿ ಉಳಿದರೆ ಮತ್ತೆ ಶೂಟಿಂಗ್, ಇಲ್ಲವೇ ಕಾರ್ಡು ಔಟ್. ನಂತರ ನೆಲದ ಮೇಲೆ ಹರಡಿ ಎರಡೆರಡು ಕಾರ್ಡಿನ ನಡುವೆ ‘ಆದರೆ’ ಅಥವಾ ‘ಆದ್ದರಿಂದ’ ಇಟ್ಟು ಓದಿ ನೋಡಿ. ‘ಅಲ್ಲದೆ’ ಮಾತ್ರ ಹೊಂದುವ ಕಡೆ ಎರಡರಲ್ಲೊಂದನ್ನು ತೆಗೆಯಿರಿ. 50 ನಿಮಿಷಕ್ಕೆ 25ರಿಂದ 30 ಕಾರ್ಡು ಧಾರಾಳ.

ಪಾಠದ ವಾಸನೆ ಬಂದದ್ದು ನಿರೂಪಣೆಯಿಂದ. ‘ಕೆರೆ ಮುಚ್ಚಿದರು’ ಅನ್ನುವಾಗ ಮಣ್ಣು ಸುರಿಯುವ ಲಾರಿ ತೋರಿಸಿದ್ದೀರಿ. ಮಾತು, ಚಿತ್ರ ಎರಡೂ ಒಂದನ್ನೇ ಹೇಳಿದವು. ಮಾತು ಮೊದಲೇ ಮುಗಿಯಲಿ, ಆಮೇಲೆ ಮೆಜೆಸ್ಟಿಕ್ಕಿನ ಬೆಳಗಿನ ಗದ್ದಲ 20 ಸೆಕೆಂಡು ಬರಲಿ. ನಿರೂಪಣೆಯನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಕಚ್ಚಾ ಪ್ರತಿಗೆ ಜೋಡಿಸಿ. ನಿಮಿಷಕ್ಕೆ 80 ಪದ ಮೀರಿದರೆ ಉಸಿರುಗಟ್ಟುತ್ತದೆ.

14 ತಜ್ಞರಲ್ಲಿ ಒಬ್ಬೊಬ್ಬರೂ ಒಂದೇ ಭಾಗದಲ್ಲಿ ಕಾಣಿಸಿಕೊಳ್ಳಲಿ. ಒಬ್ಬರೇ ಮತ್ತೆ ಮತ್ತೆ ಬಂದರೆ ನೋಡುವವರು ಅವರ ಕಥೆ ಕೇಳತೊಡಗುತ್ತಾರೆ; ನೀವು ಬೇಡವೆಂದ ನಾಯಕ ಹಿಂಬಾಗಿಲಿಂದ ಒಳಬಂದ ಹಾಗೆ.

ಪೈಪಿನ ಶಾಟ್ ಪಟ್ಟಿಯಲ್ಲಿ 11 ಸಲ ಇದೆ. ಮಜಲಿಗೊಂದರಂತೆ ನಾಲ್ಕು ಸಾಕು, ಸಲಸಲಕ್ಕೂ ಪೈಪು ದಪ್ಪವಾಗುತ್ತಾ ಬರಲಿ.