ಹತ್ತು ತಿಂಗಳ ಎಂಬಿಎ, ಮೂರು ಎಕರೆ ತೋಟ

ಪ್ರಶ್ನೆ: ನನಗೆ 28 ವರ್ಷ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಐದು ವರ್ಷ ಆಯಿತು, ಈಗ ಶಿರಸಿ ಹತ್ತಿರದ ನಮ್ಮ ಹಳ್ಳಿಯಿಂದಲೇ ಕೆಲಸ. ಯುರೋಪಿನಲ್ಲಿ ಒಂದು ವರ್ಷದ ಎಂಬಿಎ ಮಾಡಬೇಕೆಂದಿದೆ. ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ ಅಲ್ವಾ? ಅರ್ಜಿ ಜೊತೆ ಕೊಡಬೇಕಾದ ಪ್ರಬಂಧದ ಕರಡು ಕಳಿಸಿದ್ದೇನೆ, ನೋಡಿ. ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗದೆ ಹನ್ನೊಂದು ಮನೆಯವರ ಸರದಿ ಪಟ್ಟಿ ಮಾಡುವುದರಲ್ಲೇ ದಿನ ಹೋಗಿ ಪತ್ರ ತಡವಾಯಿತು, ಕ್ಷಮಿಸಿ.

ಉತ್ತರ: ಬೇಗ ಮುಗಿಯುತ್ತದೆ, ನಿಜ. ಫ್ರಾನ್ಸಿನ ಇನ್ಸಿಯಾಡ್ ಕಾಲೇಜಿನದ್ದು ಹತ್ತೇ ತಿಂಗಳು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಎರಡರಲ್ಲೂ ಒಂದು ವರ್ಷ. ಎರಡು ವರ್ಷದ್ದಕ್ಕಿಂತ ಸಂಬಳವಿಲ್ಲದ ದಿನಗಳೂ ಕಡಿಮೆ. ಆದರೆ ಎರಡು ವರ್ಷದ ಕೋರ್ಸಿನಲ್ಲಿ ನಡುವೆ ಬೇಸಿಗೆ ಇಂಟರ್ನ್‌ಶಿಪ್ ಇರುತ್ತದೆ, ಬೇರೆ ಥರದ ಕೆಲಸ ನಮಗೆ ಒಗ್ಗುತ್ತದೋ ಇಲ್ಲವೋ ಅಂತ ಅಲ್ಲಿ ನೋಡಬಹುದು. ಒಂದು ವರ್ಷದ್ದರಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ. ಇನ್ಸಿಯಾಡ್‌ಗೆ ಜನವರಿಯಲ್ಲಿ ಸೇರಿದರೆ ನಡುವೆ ಬಿಡುವು ಸಿಗುತ್ತದೆ, ಆಗಸ್ಟ್ ಹೊತ್ತಿಗೆ ಸೇರಿದವರಿಗೆ ಇಲ್ಲ. ಹೋದ ಸ್ವಲ್ಪ ದಿನಕ್ಕೇ ಕೆಲಸದ ಅರ್ಜಿ ಶುರು. ಹಾಗಾಗಿ ಯಾವ ದೇಶದಲ್ಲಿ, ಯಾವ ಕೆಲಸ ಅಂತ ಇಲ್ಲಿಂದ ಹೊರಡುವಾಗಲೇ ಗೊತ್ತಿರಬೇಕು. ಅಲ್ಲಿಗೆ ಹೋಗಿ ಯೋಚಿಸೋಣ ಅನ್ನುವವರು ಎರಡು ವರ್ಷದ್ದನ್ನೇ ನೋಡುವುದು ಒಳ್ಳೆಯದು.

ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್ ಬಗ್ಗೆ ಚುಟುಕಾಗಿ: ಈಗಿನದು ಮೂರು ಭಾಗ, ತಲಾ 45 ನಿಮಿಷ. ಅಂಕ 205ರಿಂದ 805. ಜಾಮೆಟ್ರಿ ಹೋಗಿದೆ, ಸೆಂಟೆನ್ಸ್ ಕರೆಕ್ಷನ್ ಹೋಗಿದೆ. ಅಣ್ಣನ ಕಪಾಟಿನ ಹಳೇ ಪುಸ್ತಕ ನಂಬಿ ಕೂರಬೇಡಿ. ಅಂಕ 0ಯಲ್ಲಿ ಮುಗಿದರೆ ಹಳೇ ಪರೀಕ್ಷೆ, 5ರಲ್ಲಿ ಮುಗಿದರೆ ಹೊಸದು. ಹೊಸ 645 ಅಂದರೆ ಹೆಚ್ಚುಕಡಿಮೆ ಹಳೇ 700. ಮನೆಯಲ್ಲೇ ಆನ್‌ಲೈನಿನಲ್ಲಿ ಬರೆಯಬಹುದು, ಆದರೆ ಜೋರು ಮಳೆಯಲ್ಲಿ ನಿಮ್ಮೂರಿನ ಕರೆಂಟು ನಂಬಿ ಕೂರುತ್ತೀರಾ? ಸುಮ್ನೆ ಬೆಂಗಳೂರಿನ ಸೆಂಟರಿಗೆ ಹೋಗಿ ಬನ್ನಿ. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಹಾಗೇ ನೋಂದಾಯಿಸಿ. ಮಾರ್ಕ್ಸ್‌ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಹೆಗಡೆ ಅಂತಿದ್ದರೆ ಈಗಲೇ ಸರಿಮಾಡಿಸಿಕೊಳ್ಳಿ.

ಇನ್ನು ಪ್ರಬಂಧ. ಬೇಜಾರು ಮಾಡಿಕೊಳ್ಳಬೇಡಿ, ಎರಡು ಸಲ ಓದಿದೆ, ಮುಗಿಸಿದ ಮೇಲೆ ನಿಮ್ಮ ಬಗ್ಗೆ ಒಂದೂ ನೆನಪಿನಲ್ಲಿ ಉಳಿಯಲಿಲ್ಲ. ಎಂಟು ಜನರ ಟೀಮು, ಸಮಯಕ್ಕೆ ಮುಗಿದ ಪ್ರಾಜೆಕ್ಟು, ಖುಷಿಯಾದ ಕ್ಲೈಂಟು. ಬೆಂಗಳೂರಿನಿಂದ ಅರ್ಜಿ ಹಾಕುವ ಎಷ್ಟೋ ಇಂಜಿನಿಯರುಗಳು ಇದನ್ನೇ ಬರೆಯುತ್ತಾರೆ. ನೀವು ಕ್ಷಮೆ ಕೇಳಲು ಬರೆದ ಆ ಒಂದು ಸಾಲೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಮಳೆ ಬಿಡುವು ಕೊಟ್ಟ ನಾಲ್ಕು ದಿನದಲ್ಲಿ ಮದ್ದು ಹೊಡೆಯದಿದ್ದರೆ ಕೊಳೆ ರೋಗ ಬಂದು ಅಡಿಕೆ ಉದುರುತ್ತದೆ, ಮರ ಹತ್ತುವವರು ಇರುವುದೇ ಇಬ್ಬರೋ ಮೂವರೋ, ಎಲ್ಲರಿಗೂ ತಮ್ಮ ತೋಟವೇ ಮೊದಲಾಗಬೇಕು. ಅಂಥದ್ದರಲ್ಲಿ ಹನ್ನೊಂದು ಮನೆಯವರನ್ನು ಒಂದು ಪಟ್ಟಿಗೆ ಒಪ್ಪಿಸಿದಿರಲ್ಲ! ಯಾರು ಮುನಿಸಿಕೊಂಡರು, ನಿಮ್ಮ ತೋಟವನ್ನು ಎಷ್ಟನೆಯದಾಗಿ ಇಟ್ಟುಕೊಂಡಿರಿ, ಪಟ್ಟಿ ಎಲ್ಲಿ ಕೈಕೊಟ್ಟಿತು, ಅದನ್ನು ಬರೆಯಿರಿ. ಬೋರ್ಡೋ ಮದ್ದು ಅಂದರೆ ಮೈಲುತುತ್ತು, ಸುಣ್ಣ ಅಂತ ಒಂದು ಸಾಲಿನಲ್ಲಿ ಹೇಳಿದರೆ ಸಾಕು, ಅರ್ಜಿ ಓದುವವರಿಗೂ ಅರ್ಥವಾಗುತ್ತದೆ. ಬೋರ್ಡೋ ಅವರ ಕಡೆಯದೇ, ಫ್ರಾನ್ಸಿನ ಊರು ತಾನೇ.

ಪ್ರಶ್ನೆ: ಮಗಳು ಎಂಬಿಎಗೆ ವಿದೇಶಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ಮೂರು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಬೆಟ್ಟ ಇದೆ. ಅಡವಿಟ್ಟರೆ ಸಾಲ ಸಿಗುತ್ತದೆಯೇ? — ಸಿದ್ದಾಪುರದ ಓದುಗರು

ಉತ್ತರ: ಕಷ್ಟ. ಸಾಲ ಕಟ್ಟದಿದ್ದಾಗ ಬ್ಯಾಂಕು ಆಸ್ತಿ ವಶಕ್ಕೆ ಪಡೆಯುವ ಸರ್ಫೇಸಿ ಕಾಯ್ದೆ ಇದೆಯಲ್ಲ, ಅದು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅದಕ್ಕೇ ಎಜುಕೇಶನ್ ಲೋನಿಗೆ ತೋಟ ಅಂದರೆ ಬ್ಯಾಂಕಿನವರು ಹಿಂದೆ ಸರಿಯುತ್ತಾರೆ. ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವಂತೂ ಬಿಡಿ, ಅದರ ಸೊಪ್ಪು, ದರಕು (ಒಣ ಎಲೆ) ನಿಮ್ಮದು, ನೆಲ ನಿಮ್ಮದಲ್ಲ. ಪೇಟೆಯ ಸೈಟು, ಮನೆ, ಎಫ್‌ಡಿ, ಎಲ್‌ಐಸಿ ಪಾಲಿಸಿ ನಡೆಯುತ್ತವೆ. ಹಳ್ಳಿ ಮನೆಯಾದರೆ ಪಂಚಾಯತಿಯಿಂದ ಇ-ಸ್ವತ್ತಿನ ಆಸ್ತಿ ದಾಖಲೆ, ಅಂದರೆ ಫಾರ್ಮ್ 9, 11 ಕೇಳುತ್ತಾರೆ. ಜಾಗ ಅಜ್ಜನ ಹೆಸರಿನಲ್ಲೇ ಇದ್ದರೆ ಅಣ್ಣತಮ್ಮಂದಿರ ಜೊತೆ ಮಾತು ಈಗಲೇ ಮುಗಿಸಿಕೊಳ್ಳಿ, ಅರ್ಜಿಗಿಂತ ಜಾಸ್ತಿ ಸಮಯ ಹಿಡಿಯುವುದು ಅದೇ.

ಸರ್ಕಾರಿ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡಮಾನ ಬೇಡ. ಆದರೆ ಇನ್ಸಿಯಾಡ್‌ನಂಥ ಕಡೆ ಬರೀ ಫೀಸೇ ಸುಮಾರು ಒಂದು ಲಕ್ಷ ಯೂರೋ, ನಮ್ಮ ಲೆಕ್ಕದಲ್ಲಿ ಕೋಟಿಯ ಹತ್ತಿರ. ಕೆಲವು ಬ್ಯಾಂಕುಗಳು ತಮ್ಮ ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಅಡಮಾನವಿಲ್ಲದೆ ದೊಡ್ಡ ಸಾಲ ಕೊಡುತ್ತವೆ, ಮೊದಲು ಅದನ್ನು ವಿಚಾರಿಸಿ. ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದರೆ ಎಜುಕೇಶನ್ ಲೋನಿನ ಬಡ್ಡಿಗೆ ಎಂಟು ವರ್ಷ ತೆರಿಗೆ ವಿನಾಯಿತಿ ಇದೆ, ಹೊಸದರಲ್ಲಿ ಇಲ್ಲ.

ಪ್ರಶ್ನೆ: ಶಿಫಾರಸು ಪತ್ರಕ್ಕೆ ಈಗಿನ ಬಾಸ್ ಬೇಕಂತೆ. ಕೇಳಿದರೆ ನನ್ನ ಬಡ್ತಿ ಹೋಯಿತು ಅಂತಲೇ. ನಾನೇ ಬರೆದು ಯಾರಿಂದಾದರೂ ಕಳಿಸಬಹುದಾ? — ಕಾರವಾರದ ಓದುಗರು

ಉತ್ತರ: ಬೇಡ. ಒಂದೇ ಬರವಣಿಗೆಯ ಧಾಟಿ ಎರಡು ಪತ್ರದಲ್ಲಿ ಕಂಡರೆ ಗೊತ್ತಾಗಿಬಿಡುತ್ತದೆ. ಹಿಂದಿನ ಮ್ಯಾನೇಜರ್ ಆಗಬಹುದು, ನಿಮ್ಮ ಕೆಲಸ ಹತ್ತಿರದಿಂದ ನೋಡಿದ ಕ್ಲೈಂಟ್ ಆಗಬಹುದು. ಈಗಿನ ಬಾಸ್ ಯಾಕಿಲ್ಲ ಅಂತ ಅರ್ಜಿಯಲ್ಲಿ ಎರಡು ಸಾಲು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಪತ್ರ ಕಳಿಸುವ ಲಿಂಕು ಕಾಲೇಜಿನಿಂದ ನೇರ ಶಿಫಾರಸು ಮಾಡುವವರ ಇಮೇಲಿಗೇ ಹೋಗುತ್ತದೆ. ನೀವು ಮಾಡಿದ ಕೆಲಸಗಳನ್ನು ಒಂದು ಪುಟದಲ್ಲಿ ನೆನಪಿಸಿ ಕೊಡಿ, ಅದು ತಪ್ಪಲ್ಲ. ಸೆಪ್ಟೆಂಬರಿನ ಪ್ರವೇಶ ಸುತ್ತಿಗೆ ಅರ್ಜಿ ಹಾಕುವುದಾದರೆ ಚೌತಿಗೆ ಒಂದು ತಿಂಗಳು ಮೊದಲೇ ಕೇಳಿ. ಅವರೂ ನಮ್ಮ ಕಡೆಯವರೇ ಆಗಿದ್ದರೆ ಹಬ್ಬದ ವಾರದಲ್ಲಿ ಮೇಲ್ ತೆರೆಯುವುದಿಲ್ಲ.